ಘಟ್ಟ ಹತ್ತುವಾಗ ಕಪ್ಪು ಹೊಗೆ: ಇಜಿಆರ್ ಮುಚ್ಚಿಸಬೇಕೇ?

ಪ್ರಶ್ನೆ: ಕುಮಟಾದಲ್ಲಿ ನಮ್ಮದು ಶಾಮಿಯಾನ ಮತ್ತು ಜನರೇಟರ್ ಬಾಡಿಗೆಯ ವ್ಯವಹಾರ. 2017ರ ಕೊನೆಯಲ್ಲಿ ಕೊಂಡ ಬಿಎಸ್-4 (ಹೊಗೆ ಮಾಲಿನ್ಯದ ಮಾನದಂಡ) ಡೀಸೆಲ್ ಪಿಕಪ್‌ಗೆ ಸುಮಾರು ಒಂದು ಟನ್ ತೂಕದ ಜನರೇಟರ್ ಟ್ರೈಲರ್ ಕಟ್ಟಿಕೊಂಡು ಮದುವೆಗೆ, ಯಕ್ಷಗಾನದ ಆಟಕ್ಕೆ ಶಿರಸಿ ಕಡೆಗೂ ಹೋಗುತ್ತೇವೆ. ಈ ಸಲ ಮಳೆಗಾಲ ಮುಗಿದ ಮೇಲೆ ದೇವಿಮನೆ ಘಟ್ಟದಲ್ಲಿ ಗಾಡಿ ಕಪ್ಪು ಹೊಗೆ ಬಿಡುತ್ತಿದೆ. ಎಳೆತ ಒಮ್ಮೆಲೇ ಬಿದ್ದುಹೋಗಿ ಎಂಜಿನ್ ದೀಪ ಹತ್ತುತ್ತದೆ. ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಹೋಗುತ್ತದೆ. ಹೊಗೆ ತಪಾಸಣೆಯಲ್ಲಿ 1.9 ಬಂದು ಫೇಲಾಯಿತು. ಸುಟ್ಟ ಅನಿಲವನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವಿಗೆ ತಗಡು ಕೊಟ್ಟು ಮುಚ್ಚಿ, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನದನ್ನು ಒಡೆದು ತೆಗೆದರೆ ಎಲ್ಲ ಸರಿಯಾಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಬಹುದೇ?
— ಓದುಗರೊಬ್ಬರು, ಕುಮಟಾ

ಉತ್ತರ: ಎರಡನ್ನೂ ಮಾಡಿಸಬೇಡಿ. ನೀವು ಬರೆದಿರುವ ಲಕ್ಷಣಗಳನ್ನು ಕೂಡಿಸಿ ನೋಡಿದರೆ ನಿಮ್ಮ ಗಾಡಿಯಲ್ಲಿ ಒಂದಲ್ಲ, ಎರಡು ದೋಷಗಳಿರುವಂತೆ ಕಾಣುತ್ತದೆ. ತಗಡು ಹಾಕಿದರೆ ಅವುಗಳಲ್ಲಿ ಒಂದು ಮರೆಯಾಗುತ್ತದೆ, ಇನ್ನೊಂದು ಹಾಗೆಯೇ ಉಳಿಯುತ್ತದೆ.

ಹೀಗೆ ಹೇಳಲು ಕಾರಣವಿದೆ. ಹೊಗೆ ತಪಾಸಣೆಯಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಲರೇಟರನ್ನು ಕೆಲವು ಸಲ ಪೂರ್ತಿ ಒತ್ತಿ ಬಿಡುತ್ತಾರೆ. ಬಿಎಸ್-4 ಡೀಸೆಲ್ ಗಾಡಿಗೆ ಅಲ್ಲಿರುವ ಹೊಗೆಯ ದಟ್ಟಣೆಯ ಮಿತಿ ಪ್ರತಿ ಮೀಟರಿಗೆ 1.62. ಆಗ ಎಂಜಿನ್ ಮೇಲೆ ಭಾರವಿರುವುದಿಲ್ಲವಾದ್ದರಿಂದ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ತನ್ನ ಪೂರ್ಣ ಒತ್ತಡಕ್ಕೆ ಏರುವುದೇ ಇಲ್ಲ. ಭಾರವಿಲ್ಲದೆಯೇ 1.9 ಬಂದಿದೆ ಎಂದರೆ ಇಜಿಆರ್, ಏರ್ ಫಿಲ್ಟರ್ ಅಥವಾ ಡೀಸೆಲ್ ಚಿಮ್ಮಿಸುವ ನಾಜಲ್‌ಗಳ ಕಡೆಗೆ ಸಂಶಯ ಹೋಗಬೇಕು. ಘಟ್ಟದಲ್ಲಿ ಟ್ರೈಲರ್ ಎಳೆಯುವಾಗ ಮಾತ್ರ ಎಳೆತ ಬಿದ್ದು, ಬಂದ್ ಮಾಡಿ ಸ್ಟಾರ್ಟ್ ಮಾಡಿದೊಡನೆ ಮರಳುವುದಾದರೆ ಅದು ಟರ್ಬೊ ಒತ್ತಡಕ್ಕೆ ಸಂಬಂಧಿಸಿದ ದೋಷವಾಗಿರುವ ಸಾಧ್ಯತೆಯೇ ಹೆಚ್ಚು: ಲೆಕ್ಕ ತಪ್ಪಿದ್ದನ್ನು ಕಂಡ ಗಾಡಿಯ ಕಂಪ್ಯೂಟರ್ ಎಂಜಿನ್ ಕೆಡದಿರಲೆಂದು ಶಕ್ತಿಯನ್ನು ತಾನೇ ತಗ್ಗಿಸುತ್ತದೆ.

ಮೊದಲು ಸ್ಕ್ಯಾನರ್ ಹಾಕಿಸಿ, ಅದು ತೋರಿಸುವ ಕೋಡ್‌ಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅನೇಕ ಗ್ಯಾರೇಜುಗಳಲ್ಲಿ ಕೋಡನ್ನು ಓದುವ ಮೊದಲೇ ಅಳಿಸಿಬಿಡುತ್ತಾರೆ. ರೋಗಿಯ ಜ್ವರ ನೋಡುವ ಮೊದಲೇ ಮಾತ್ರೆ ಕೊಟ್ಟಂತೆ ಅದು. ಪಿ0299 ಎಂದು ಬಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ ಎಂದೂ, ಪಿ0401 ಎಂದರೆ ಇಜಿಆರ್ ಮೂಲಕ ಹರಿಯುವ ಅನಿಲ ಸಾಲುತ್ತಿಲ್ಲ ಎಂದೂ ಅರ್ಥ.

ಇನ್ನು ಟರ್ಬೊದಿಂದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸ್‌ಗಳನ್ನು ಬಿಚ್ಚಿ, ಕೈಯಲ್ಲಿ ಹಿಡಿದು, ಬಗ್ಗಿಸಿ ನೋಡಬೇಕು. ಮೇಲಿನಿಂದ ನೋಡಿದರೆ ಹೊಸದರಂತೆ ಕಾಣುವ ಹೋಸಿನ ಅಡಿಭಾಗದಲ್ಲಿ, ಕ್ಲಿಪ್ಪಿನಿಂದ ಎರಡು ಬೆರಳು ಆಚೆಗೆ, ಉಗುರಿನಿಂದ ಗೀರಿದಷ್ಟು ತೆಳ್ಳಗಿನ ಸೀಳು ಇರುತ್ತದೆ. ಅದರ ಸುತ್ತ ಎಣ್ಣೆಗೆ ಧೂಳು ಅಂಟಿ ಕಪ್ಪು ಪಸೆ ಕಟ್ಟಿರುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ಸೀಳು ಮುಚ್ಚಿಕೊಂಡೇ ಇರುತ್ತದೆ. ಕತಗಾಲ ದಾಟಿ ಏರು ಶುರುವಾಗಿ ಟರ್ಬೊ ಒತ್ತಲು ತೊಡಗಿದಾಗ ಮಾತ್ರ ಅದು ಮೀನಿನ ಕಿವಿರಿನಂತೆ ತೆರೆದುಕೊಳ್ಳುತ್ತದೆ. ಏರ್ ಫಿಲ್ಟರಿನ ಪಕ್ಕದ ಗಾಳಿ ಅಳೆಯುವ ಸೆನ್ಸರ್ ಅಷ್ಟೂ ಗಾಳಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುವುದರಿಂದ ಕಂಪ್ಯೂಟರ್ ಅದಕ್ಕೆ ತಕ್ಕ ಡೀಸೆಲ್ ಸುರಿಯುತ್ತದೆ. ಗಾಳಿ ಮಾತ್ರ ದಾರಿಯಲ್ಲೇ ಸೋರಿಹೋಗಿರುತ್ತದೆ. ಗಾಳಿ ಸಿಗದೆ ಅರೆಬೆಂದ ಆ ಡೀಸೆಲ್ಲೇ ನೀವು ಕಾಣುವ ಕಪ್ಪು ಹೊಗೆ. ಕಣ್ಣಿಗೆ ಸೀಳು ಸಿಗದಿದ್ದರೆ ಕೊಳವೆಗಳಿಗೆ ಹೊರಗಿನಿಂದ ಹಗುರವಾಗಿ ಗಾಳಿ ತುಂಬಿಸಿ, ಸೋಪಿನ ನೀರು ಸವರಿ ನೋಡಲು ಹೇಳಿ.

ಹೋಸ್ ಸರಿಯಿದ್ದರೆ ಟರ್ಬೊವನ್ನು ನಿಯಂತ್ರಿಸುವ ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ನೋಡಬೇಕು. ಮಳೆಗಾಲದಲ್ಲಿ ಕೆಲಸವಿಲ್ಲದೆ ಶೆಡ್ಡಿನಲ್ಲಿ ನಿಂತ ಗಾಡಿಗಳಲ್ಲಿ ಇವನ್ನು ಇಲಿ ಕಡಿದಿರುವುದು ಸಾಮಾನ್ಯ. ಕರಾವಳಿಯ ಉಪ್ಪುಗಾಳಿಗೆ ಸೆನ್ಸರ್ ಕನೆಕ್ಟರಿನ ಪಿನ್ನುಗಳು ಹಸಿರು ಕಿಲುಬು ಹಿಡಿದಿವೆಯೇ ಎಂಬುದನ್ನೂ ಆಗಲೇ ನೋಡಿಬಿಡಬಹುದು.

ಈಗ ಇಜಿಆರ್ ವಿಷಯ. ಸುಟ್ಟ ಅನಿಲದಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸಿ ದಹನದ ಉಷ್ಣತೆಯನ್ನು ಇಳಿಸುವುದು, ಆ ಮೂಲಕ ನೈಟ್ರೋಜನ್ ಆಕ್ಸೈಡ್‌ಗಳೆಂಬ ವಿಷಾನಿಲಗಳನ್ನು ಕಡಿಮೆ ಮಾಡುವುದು ಈ ವಾಲ್ವಿನ ಕೆಲಸ. ಭಾರ ಪೂರ್ತಿ ಬಿದ್ದಾಗ ಅದು ಮುಚ್ಚಿಕೊಳ್ಳಬೇಕು. ಮಸಿ ಕಟ್ಟಿ ಅರೆತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಗಾಳಿಯ ಜಾಗವನ್ನು ಹೊಗೆಯೇ ತುಂಬುತ್ತದೆ. ಆದ್ದರಿಂದ ತಗಡು ಕೊಟ್ಟ ಮಾರನೆಯ ದಿನ ಹೊಗೆ ಕಡಿಮೆಯಾಗಿ ಕಾಣುವುದು ನಿಜವೇ. ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ. ಆದರೆ ಹರಿವು ಇಲ್ಲದ್ದನ್ನು ಕಂಡ ಕಂಪ್ಯೂಟರ್ ದೀಪವನ್ನು ಮತ್ತೆ ಹೊತ್ತಿಸಬಹುದು, ಮತ್ತು ಹೊಗೆ ಅಳೆಯುವ ಯಂತ್ರದ ಕಣ್ಣಿಗೆ ಬೀಳದ ನೈಟ್ರೋಜನ್ ಆಕ್ಸೈಡ್‌ಗಳು ಏರುತ್ತವೆ. ವಾಲ್ವನ್ನು ಬಿಚ್ಚಿ, ಕ್ಲೀನರಿನಲ್ಲಿ ನೆನೆಸಿ, ಮಸಿಯನ್ನು ಮರದ ಕಡ್ಡಿಯಿಂದ ಕೆರೆದು ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿಸುವುದು ಅರ್ಧ ದಿನದ ಕೆಲಸ. ಕೆರೆದ ಮಸಿ ಎಂಜಿನ್ನಿನೊಳಗೆ ಬೀಳದಂತೆ ನೋಡಿಕೊಳ್ಳಬೇಕು. ವ್ಯಾಕ್ಯೂಮ್‌ನಿಂದ ನಡೆಯುವ ವಾಲ್ವಾದರೆ ಕೈಪಂಪಿನಿಂದ ಎಳೆದು ಪರೀಕ್ಷಿಸಬಹುದು: ಐಡ್ಲಿಂಗ್‌ನಲ್ಲಿ ವಾಲ್ವ್ ತೆರೆದರೆ ಎಂಜಿನ್ ಒರಟಾಗಬೇಕು, ಬಿಟ್ಟೊಡನೆ ಸರಿಯಾಗಬೇಕು. ರೇಡಿಯೇಟರ್ ನೀರು ಕಾರಣವಿಲ್ಲದೆ ಇಳಿಯುತ್ತಿದ್ದು, ಬಿಳಿ ಹೊಗೆಯಲ್ಲಿ ಸಿಹಿ ವಾಸನೆ ಬಂದರೆ ಆ ಸುಟ್ಟ ಅನಿಲವನ್ನು ತಂಪಾಗಿಸುವ ಇಜಿಆರ್ ಕೂಲರ್ ಒಳಗೆ ಸೋರುತ್ತಿರಬಹುದು; ಆಗ ಘಟ್ಟಕ್ಕೆ ಹೋಗಲೇಬಾರದು.

ಇಷ್ಟಾದ ಮೇಲೂ ಹೊಗೆ ನಿಲ್ಲದಿದ್ದರೆ ನಾಜಲ್‌ಗಳಿಂದ ಟ್ಯಾಂಕಿಗೆ ಮರಳುವ (ರಿಟರ್ನ್) ಡೀಸೆಲನ್ನು ಬೇರೆಬೇರೆ ಬಾಟಲಿಗಳಲ್ಲಿ ಹಿಡಿದು ಅಳೆಯಿಸಿ. ಒಂದರಲ್ಲಿ ಮಾತ್ರ ಬಹಳ ಹೆಚ್ಚು ತುಂಬಿದರೆ ಆ ನಾಜಲ್ ಸವೆದಿದೆ ಎಂದು ತಿಳಿಯಬಹುದು.

ಕ್ಯಾಟಲಿಟಿಕ್ ಕನ್ವರ್ಟರ್ ತಾನಾಗಿ ಕೆಡುವುದು ಅಪರೂಪ. ಮೇಲಿನಿಂದ ಬಂದ ಮಸಿ, ಎಣ್ಣೆ ಮತ್ತು ಉರಿಯದ ಡೀಸೆಲ್ ಅದನ್ನು ಕೆಡಿಸುತ್ತವೆ. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಒಳಗೆ ಚೂರು ಅಲುಗಾಡುವ ಸದ್ದು ಬರುತ್ತದೆಯೇ ನೋಡಿ. ಕಟ್ಟಿಕೊಂಡಿದೆಯೆಂಬ ಸಂಶಯವಿದ್ದರೆ ಸೈಲೆನ್ಸರ್ ಕಡೆಯ ಹಿಮ್ಮುಖ ಒತ್ತಡವನ್ನು ಗೇಜ್ ಹಾಕಿ ಅಳೆಯಿಸಿ. ಒಡೆದು ಖಾಲಿ ಮಾಡಿಸಿದರೆ ಕಾನೂನಿನ ತೊಡಕು ಬೇರೆ: ಎಂಟು ವರ್ಷ ದಾಟಿದ ಸರಕು ವಾಹನವನ್ನು ವರ್ಷಕ್ಕೊಮ್ಮೆ ಎಫ್‌ಸಿಗೆ (ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರದ ತಪಾಸಣೆಗೆ) ಒಯ್ಯಲೇಬೇಕು, ಅಲ್ಲಿ ಇದು ಸಿಕ್ಕಿಬೀಳಬಹುದು.

ಮರುತಪಾಸಣೆಗೆ ಹೋಗುವಾಗ ಟ್ರೈಲರ್ ಬಿಚ್ಚಿಟ್ಟು, ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಹೋಗಿ. ತಣ್ಣನೆಯ ಎಂಜಿನ್ನಿನಲ್ಲಿ ಸರಿಯಿರುವ ಗಾಡಿಯೂ ಫೇಲಾಗುವುದುಂಟು. ಘಟ್ಟದಲ್ಲಿ ನಾಲ್ಕನೇ ಗೇರಿನಲ್ಲೇ ಉಬ್ಬಸಪಟ್ಟು ಎಳೆಸುವ ಅಭ್ಯಾಸ ನಿಮ್ಮ ಚಾಲಕರಿಗಿದ್ದರೆ ಬೇಗ ಮೂರಕ್ಕೆ, ತಿರುವಿನಲ್ಲಿ ಎರಡಕ್ಕೆ ಇಳಿಸಲು ಹೇಳಿ. ಕಡಿಮೆ ಸುತ್ತಿನಲ್ಲಿ ಭಾರ ಎಳೆಸಿದಷ್ಟೂ ಮಸಿ ಬೇಗ ಕಟ್ಟುತ್ತದೆ. ಮುಂದಿನ ಜೂನ್‌ನಲ್ಲಿ ಗಾಡಿಯನ್ನು ಶೆಡ್ಡಿಗೆ ಹಾಕುವಾಗ ಬಾನೆಟ್ಟನ್ನು ತೆರೆದಿಡಿ, ಇಲಿ ಕತ್ತಲೆಯಲ್ಲೇ ಗೂಡು ಕಟ್ಟುವುದು. ಹದಿನೈದು ದಿನಕ್ಕೊಮ್ಮೆ ಮಳೆ ಬಿಡುವು ಕೊಟ್ಟಾಗ ಮಿರ್ಜಾನ್ ತನಕವಾದರೂ ಓಡಿಸಿಕೊಂಡು ಬನ್ನಿ.