ಪ್ರೆಸ್ ಶಾಪಿಗೆ ಕಸ್ಟಮರ್ ಸೇಫ್ಟಿ ಆಡಿಟ್ ಬರುತ್ತಿದೆ, ಐಎಸ್ಒ 45001 ಮಾಡಿಸಬೇಕೇ?

ನಿಮ್ಮ ಪ್ರಶ್ನೆ ಇಷ್ಟು: ಪೀಣ್ಯದಲ್ಲಿ ಬಾಡಿಗೆ ಶೆಡ್ಡು, 22 ಜನ ಕೆಲಸಗಾರರು, 30ರಿಂದ 100 ಟನ್ನಿನ ಆರು ಪವರ್ ಪ್ರೆಸ್ಸು (ತಗಡನ್ನು ಒತ್ತಿ ಕತ್ತರಿಸುವ, ಬಗ್ಗಿಸುವ ಯಂತ್ರ). ವಾಹನ ಕಂಪನಿಗೆ ಬಿಡಿಭಾಗ ಪೂರೈಸುವವರೊಬ್ಬರಿಗೆ ಜಾಬ್ ವರ್ಕ್ ಮಾಡಿಕೊಡುತ್ತೀರಿ. ಅವರೀಗ ಎಂಬತ್ತು ಅಂಶದ ಸೇಫ್ಟಿ ಚೆಕ್‌ಲಿಸ್ಟ್ ಕಳಿಸಿ, ಮುಂದಿನ ತಿಂಗಳು ಆಡಿಟ್ ಎಂದಿದ್ದಾರೆ. ಕನ್ಸಲ್ಟೆಂಟ್ ಒಬ್ಬರು ‘ಐಎಸ್ಒ 45001 (ಕೆಲಸದ ಸುರಕ್ಷತಾ ಪದ್ಧತಿಯ ಅಂತರರಾಷ್ಟ್ರೀಯ ಸರ್ಟಿಫಿಕೇಟ್) ಮಾಡಿಸಿಬಿಡಿ, ಎಲ್ಲ ಸರಿಹೋಗುತ್ತೆ’ ಅಂದಿದ್ದಾರೆ. ಮಾಡಿಸಬೇಕೇ, ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕು?

ಈಗ ಬೇಡ. ಆ ದುಡ್ಡನ್ನು ಮೊದಲು ಪ್ರೆಸ್ಸಿಗೆ ಹಾಕಿ. ಸಪ್ಲೈಯರ್ ಶಾಪುಗಳಿಗೆ ಹೋಗಿ ಆಡಿಟ್ ಮಾಡುವುದೇ ನನ್ನ ಹೊಟ್ಟೆಪಾಡು, ಅದಕ್ಕೂ ಮೊದಲು ಟೂಲ್ ರೂಮಿನಲ್ಲಿದ್ದೆ. ಹಾಗಾಗಿ ಆಡಿಟ್ ಮಾಡಿಸಿಕೊಳ್ಳುವವರ ಪಾಡೂ ಗೊತ್ತು.

ಎಂಬತ್ತು ಅಂಶ ನೋಡಿ ಗಾಬರಿಯಾಗಬೇಡಿ. ಅರ್ಧಕ್ಕಿಂತ ಹೆಚ್ಚು ಒಂದು ವಾರದಲ್ಲಿ ಮುಗಿಯುವ ಕೆಲಸ. ಬೆಂಕಿ ನಂದಿಸುವ ಸಿಲಿಂಡರಿನ ಮುಂದಿನ ಸ್ಕ್ರ್ಯಾಪ್ ಬಿನ್ ತೆಗೆಯಿರಿ, ಪ್ಯಾನೆಲ್ ಬೋರ್ಡಿನ ಮುಂದೆ ರಬ್ಬರ್ ಮ್ಯಾಟ್ ಹಾಸಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ತುಂಬಿಸಿ, ಓಡಾಡುವ ದಾರಿಗೆ ಹಳದಿ ಗೆರೆ ಎಳೆಸಿ, ಕೆಲಸದ ಹೊತ್ತಿನಲ್ಲಿ ಹಿಂದಿನ ಬಾಗಿಲಿಗೆ ಬೀಗ ಹಾಕಬೇಡಿ. ಇವನ್ನೆಲ್ಲ ನಿಮ್ಮ ಸೂಪರ್‌ವೈಸರ್ ಮಾಡಿಸುತ್ತಾರೆ. ಬ್ಲ್ಯಾಂಕಿಂಗ್ (ತಗಡು ಕತ್ತರಿಸುವ) ಸದ್ದಿಗೆ ಇಯರ್ ಪ್ಲಗ್ ಕೊಡಿ. ಎಂಟು ಗಂಟೆಯ ಪಾಳಿಗೆ ನಮ್ಮ ನಿಯಮದ ಮಿತಿ 90 ಡೆಸಿಬೆಲ್, ಪ್ರೆಸ್ ಶಾಪಿನಲ್ಲಿ ಅದನ್ನು ದಾಟುವುದು ಸುಲಭ.

ಉಳಿದದ್ದು ಬೆರಳು. ಪ್ರೆಸ್ ಶಾಪಿನಲ್ಲಿ ಸೇಫ್ಟಿ ಎಂದರೆ ಮುಕ್ಕಾಲು ಪಾಲು ಅದೇ. ಗುರುಗ್ರಾಮ, ಮಾನೇಸರ್ ಕಡೆಯ ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಗಾಯಗೊಂಡವರ ಜೊತೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ ವರದಿ ತರುತ್ತಿದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಪವರ್ ಪ್ರೆಸ್. ಅಪಘಾತ ಹೆಚ್ಚಾಗಿ ಆಗುವುದು ದೊಡ್ಡ ಕಂಪನಿಯ ಗೇಟಿನೊಳಗಲ್ಲ, ನಿಮ್ಮಂಥ ಎರಡನೇ, ಮೂರನೇ ಹಂತದ ಶೆಡ್ಡುಗಳಲ್ಲಿ.

ನಿಮ್ಮ ಪ್ರೆಸ್ಸುಗಳ ಕ್ಲಚ್ (ಸದಾ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲಿಗೆ ಪ್ರೆಸ್ಸನ್ನು ಜೋಡಿಸಿ ಬಿಡಿಸುವ ಭಾಗ) ಯಾವುದು ಎಂದು ನೀವು ಬರೆದಿಲ್ಲ. ಮೊದಲು ಗೊತ್ತಾಗಬೇಕಾದದ್ದು ಅದೇ. ಹಳೇ ಸಿ-ಫ್ರೇಮ್ ಪ್ರೆಸ್, ಕಾಲಿನ ಪೆಡಲ್ ಎಂದರೆ ಬಹುತೇಕ ಕೀ ಕ್ಲಚ್ ಇರುತ್ತದೆ. ಅದರ ಸ್ವಭಾವ ಏನೆಂದರೆ, ಕೀ ಒಮ್ಮೆ ಕಚ್ಚಿಕೊಂಡರೆ ಮೇಲಿನಿಂದ ಹೊಡೆಯುವ ಭಾಗವಾದ ರ‍್ಯಾಮ್ ಕೆಳಗೆ ಬಂದು ಮೇಲೆ ಹೋಗಿಯೇ ನಿಲ್ಲುವುದು. ನಡುವೆ ನಿಲ್ಲಿಸಲು ಬ್ರಹ್ಮ ಬಂದರೂ ಆಗುವುದಿಲ್ಲ. ಏರ್ ಕ್ಲಚ್ ಹಾಗಲ್ಲ, ಗಾಳಿ ಬಿಟ್ಟ ಕೂಡಲೇ ಬ್ರೇಕ್ ಹಿಡಿದು ಅರ್ಧದಲ್ಲೇ ನಿಲ್ಲುತ್ತದೆ.

ಇದು ಗೊತ್ತಿಲ್ಲದೆ ದುಡ್ಡು ಕಳೆದುಕೊಳ್ಳುವವರು ಬಹಳ. ಆಡಿಟ್ ಹತ್ತಿರ ಬಂದಾಗ ಲೈಟ್ ಕರ್ಟನ್ (ಬೆಳಕಿನ ಕಿರಣಗಳ ಪರದೆ) ಮಾರುವವರು ಬರುತ್ತಾರೆ. ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲುತ್ತದೆ ಎಂದು ತೋರಿಸುತ್ತಾರೆ, ಕೆಂಪು ದೀಪ ಹತ್ತುತ್ತದೆ, ನೋಡಲು ಚೆನ್ನ. ಕೀ ಕ್ಲಚ್ಚಿಗೆ ಅದನ್ನು ಕೂರಿಸಿದರೆ ಕರ್ಟನ್ ಸಿಗ್ನಲ್ ಕೊಡುತ್ತದೆ, ರ‍್ಯಾಮ್ ಮಾತ್ರ ನಿಲ್ಲುವುದಿಲ್ಲ. ಅಮೆರಿಕದ ಕೆಲಸದ ಸುರಕ್ಷತಾ ಇಲಾಖೆ ಓಶಾದ ನಿಯಮದಲ್ಲಿ ಪೂರ್ತಿ ಸುತ್ತು ತಿರುಗಿಯೇ ನಿಲ್ಲುವ ಇಂಥ ಕ್ಲಚ್ಚಿಗೆ ಲೈಟ್ ಕರ್ಟನ್ ಬಳಸುವುದನ್ನೇ ನಿಷೇಧಿಸಿದ್ದಾರೆ.

ಎರಡೂ ಕೈಯಲ್ಲಿ ಒತ್ತಿದರಷ್ಟೇ ಪ್ರೆಸ್ ಓಡುವ ಎರಡು ಬಟನ್ ಹಾಕಿಸಿದರೆ ಸಾಕಲ್ಲವೇ ಎನ್ನುತ್ತೀರಿ. ಲೆಕ್ಕ ಹಾಕೋಣ. ನಿಮಿಷಕ್ಕೆ 60 ಸ್ಟ್ರೋಕಿನ ಪ್ರೆಸ್ ಎಂದರೆ ಒಂದು ಸುತ್ತಿಗೆ ಒಂದು ಸೆಕೆಂಡ್. ಬಟನ್ ಒತ್ತಿದ ಮೇಲೆ ಕೀ ಕಚ್ಚಲು ಫ್ಲೈವೀಲ್ ಒಂದು ಪೂರ್ತಿ ಸುತ್ತು ಬರಬೇಕಾಗಬಹುದು, ಆಮೇಲೆ ರ‍್ಯಾಮ್ ಕೆಳಗಿಳಿಯಲು ಅರ್ಧ ಸುತ್ತು. ಒಟ್ಟು ಒಂದೂವರೆ ಸೆಕೆಂಡ್. ಕೈ ಸೆಕೆಂಡಿಗೆ 1.6 ಮೀಟರ್ ಚಲಿಸುತ್ತದೆ ಎಂಬುದು ಸ್ಟ್ಯಾಂಡರ್ಡಿನಲ್ಲಿ ಹಿಡಿದಿರುವ ಲೆಕ್ಕ. ಅಂದರೆ ಬಟನ್ ಡೈಯಿಂದ (ತಗಡಿಗೆ ಆಕಾರ ಕೊಡುವ ಅಚ್ಚು) 2.4 ಮೀಟರ್ ದೂರ ಇರಬೇಕು! ಯಾವ ಶಾಪಿನಲ್ಲಿ ಅಷ್ಟು ದೂರ ಇಟ್ಟಿದ್ದಾರೆ? ಎಲ್ಲೆಡೆ ಬೆಡ್ಡಿನ ಅಂಚಿಗೇ ಬಟನ್, ಅದರಲ್ಲೂ ಒಂದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿರುತ್ತಾರೆ. ಏರ್ ಕ್ಲಚ್ಚಿದ್ದರೆ ಬೇರೆ ಮಾತು. ಆಗ ಎರಡೂ ಬಟನ್ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಿದರೆ ಮಾತ್ರ ಓಡುವ ಸೇಫ್ಟಿ ರಿಲೇ ಹಾಕಿಸಿ, ಟೇಪಿನ ಆಟ ನಡೆಯುವುದಿಲ್ಲ. ಲೈಟ್ ಕರ್ಟನ್ ಕೂಡ ಅಲ್ಲಿ ಸರಿ. ನಿಲ್ಲಲು ಒಟ್ಟು 0.2 ಸೆಕೆಂಡ್ ಬೇಕಾದರೆ ಕರ್ಟನ್ ಡೈಯಿಂದ ಕಡಿಮೆಯೆಂದರೂ 40 ಸೆಂಟಿಮೀಟರ್ ಮುಂದಿರಬೇಕು (ಇಲ್ಲಿ ಕೈಯ ವೇಗವನ್ನು ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುತ್ತಾರೆ). ಕರ್ಟನ್ ಕೂರಿಸುವವನಿಗೆ ‘ಸ್ಟಾಪಿಂಗ್ ಟೈಮ್ ಅಳೆದಿರಾ?’ ಎಂದು ಕೇಳಿ. ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ಹಾಗಾದರೆ ಕೀ ಕ್ಲಚ್ ಪ್ರೆಸ್ಸಿಗೆ ಏನು ಮಾಡಬೇಕು? ಸಂದು ಮುಚ್ಚಬೇಕು, ಅಷ್ಟೇ. ಡೈ ಸುತ್ತ ಗಟ್ಟಿಯಾದ ಫಿಕ್ಸೆಡ್ ಗಾರ್ಡ್, ತಗಡಿನ ಪಟ್ಟಿ ಒಳಹೋಗುವಷ್ಟೇ ಜಾಗ. ಡೈ ಹತ್ತಿರದ ತೆರವು 6 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬೆರಳು ಹೋಗುವುದಿಲ್ಲ. ಅದನ್ನು ಅಲೆನ್ ಬೋಲ್ಟಿನಲ್ಲಿ ಬಿಗಿಯಿರಿ. ಕೈಯಲ್ಲೇ ತಿರುಗುವ ನಟ್ ಹಾಕಿದರೆ ರಾತ್ರಿ ಪಾಳಿಯಲ್ಲಿ ಗಾರ್ಡ್ ಗೋಡೆಗೆ ಒರಗಿರುತ್ತದೆ. ಬಿಡಿ ಪೀಸನ್ನು ಕೈಯಲ್ಲೇ ಇಡಬೇಕಾದ ಫಾರ್ಮಿಂಗ್ ಕೆಲಸಕ್ಕೆ ಪೀಸನ್ನು ಹೊರಗೇ ಇಟ್ಟು ಒಳಗೆ ಜಾರಿಸುವ ಸ್ಲೈಡ್ ಫೀಡ್ ಮಾಡಿಸಿ, ಇಲ್ಲವೇ ಬಾಗಿಲು ಮುಚ್ಚಿದರಷ್ಟೇ ಕ್ಲಚ್ ಕಚ್ಚುವ ಇಂಟರ್‌ಲಾಕ್ ಗಾರ್ಡ್ ಹಾಕಿಸಿ. ಇಕ್ಕಳ, ಮ್ಯಾಗ್ನೆಟ್ ಕೊಟ್ಟು ‘ಸೇಫ್ಟಿ ಮಾಡಿದ್ದೇವೆ’ ಎಂದರೆ ನಾನಂತೂ ಒಪ್ಪುವುದಿಲ್ಲ. ಗ್ಲೌಸು ತಗಡಿನ ಅಂಚು ತಾಗದಿರಲಿ ಎಂದಷ್ಟೇ, 50 ಟನ್ನಿಗೆ ಅದು ಯಾವ ಲೆಕ್ಕ.

ಇನ್ನು ಡಬಲ್ ಸ್ಟ್ರೋಕ್. ಪೆಡಲ್ ಒಂದೇ ಸಲ ತುಳಿದರೂ ರ‍್ಯಾಮ್ ಎರಡನೇ ಸಲ ಇಳಿಯುವುದು. ಕೀ ಸವೆದಿರುತ್ತದೆ, ಸ್ಪ್ರಿಂಗ್ ಮುರಿದಿರುತ್ತದೆ ಅಥವಾ ಬ್ರೇಕ್ ಲೈನಿಂಗ್ ತೆಳ್ಳಗಾಗಿರುತ್ತದೆ. ಆಪರೇಟರಿಗೆ ಇದು ಮೊದಲೇ ಗೊತ್ತಿರುತ್ತದೆ, ‘ಮಷೀನ್ ಸ್ವಲ್ಪ ಜಾರ್ತಿದೆ ಸರ್’ ಅಂದಿರುತ್ತಾನೆ, ಡಿಸ್ಪ್ಯಾಚ್ ಆಗಲಿ ಎಂದು ಓಡಿಸಿರುತ್ತಾರೆ. ಪಾಳಿ ಶುರುವಿನಲ್ಲಿ ಖಾಲಿ ಸ್ಟ್ರೋಕ್ ಹೊಡೆದು, ರ‍್ಯಾಮ್ ಮೇಲೆಯೇ ನಿಲ್ಲುತ್ತದೆಯೇ ನೋಡಿ ಸಹಿ ಹಾಕುವ ಪದ್ಧತಿ ಇಡಿ. ಜಾರಿದರೆ ಪ್ರೆಸ್ ಬಂದ್. ಹಾಗೆಯೇ ಡೈ ಸೆಟ್ಟಿಂಗ್ ಸಮಯದಲ್ಲಿ ಸ್ವಿಚ್ ಆಫ್ ಮಾಡಿದ ತಕ್ಷಣ ಕೈ ಹಾಕಬಾರದು. ಮೋಟರ್ ನಿಂತರೂ ಫ್ಲೈವೀಲ್ ತಿರುಗುತ್ತಲೇ ಇರುತ್ತದೆ, ಇನ್ನೊಂದು ಹೊಡೆತಕ್ಕೆ ಬೇಕಾದ ಶಕ್ತಿ ಅದರಲ್ಲಿರುತ್ತದೆ. ಅದು ಪೂರ್ತಿ ನಿಲ್ಲಬೇಕು, ಮೇನ್‌ಗೆ ಬೀಗ ಬೀಳಬೇಕು, ರ‍್ಯಾಮ್ ಕೆಳಗೆ ಬ್ಲಾಕ್ ಇಡಬೇಕು.

ಈಗ ಯಾರೂ ಬಾಯಿಬಿಟ್ಟು ಹೇಳದ ಮಾತು. ಜಾಬ್ ವರ್ಕಿನಲ್ಲಿ ಡೈ ನಿಮ್ಮದಲ್ಲ, ಕಸ್ಟಮರದ್ದು. ಗಾರ್ಡ್ ಹೇಗಿರಬೇಕು ಎಂಬುದು ಡೈ ವಿನ್ಯಾಸದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ. ಕೈ ಹಾಕಿಯೇ ಪೀಸ್ ತೆಗೆಯಬೇಕಾದ ಡೈ ಕಳಿಸಿ, ಪೀಸಿಗೆ ಇಷ್ಟೇ ರೇಟು ಎಂದು ಹೇಳಿ, ಆಮೇಲೆ ಸೇಫ್ಟಿಗೆ ಮಾರ್ಕ್ಸ್ ಕಡಿಮೆ ಎನ್ನುವುದು ಯಾವ ನ್ಯಾಯ? ಆಡಿಟ್ಟಿಗೆ ಮುಂಚೆಯೇ ಅವರಿಗೆ ಮೇಲ್ ಹಾಕಿ. ಯಾವ ಡೈಯಲ್ಲಿ ಕೈ ಒಳಗೆ ಹೋಗುತ್ತಿದೆ ಎಂದು ಫೋಟೋ ಸಮೇತ ಬರೆಯಿರಿ, ಪೀಸನ್ನು ತಾನೇ ಹೊರತಳ್ಳುವ ಎಜೆಕ್ಟರ್ ಅಥವಾ ಸ್ಲೈಡ್ ಕೂರಿಸಲು ಖರ್ಚು ಯಾರದು ಎಂದು ಕೇಳಿ. ಗಾರ್ಡ್ ಹಾಕಿದ ಮೇಲೆ ಗಂಟೆಗೆ ಎಷ್ಟು ಪೀಸು ಬರುತ್ತದೆ ಎಂದು ಓಡಿಸಿ ನೋಡಿ, ಆ ಲೆಕ್ಕದಲ್ಲಿ ರೇಟ್ ಮಾತಾಡಿ. ಎಲ್ಲರೂ ಒಪ್ಪುತ್ತಾರೆ ಎನ್ನಲಾರೆ. ಆದರೆ ಬರಹದಲ್ಲಿ ಕೇಳಿದ್ದಕ್ಕೆ ಆಡಿಟರ್ ಉತ್ತರ ಕೊಡಲೇಬೇಕಾಗುತ್ತದೆ.

ಸರ್ಟಿಫಿಕೇಟ್ ವಿಷಯಕ್ಕೆ ಬರೋಣ. ಐಎಸ್ಒ 45001 ಬಂದದ್ದು 2018ರಲ್ಲಿ, ಹಳೇ ಓಸಾಸ್ 18001ರ ಜಾಗಕ್ಕೆ. ಕೆಟ್ಟದ್ದೇನಲ್ಲ. ಅಪಾಯವನ್ನೇ ಇಲ್ಲವಾಗಿಸು, ಆಗದಿದ್ದರೆ ಯಂತ್ರದಲ್ಲಿ ತಡೆ, ಗ್ಲೌಸು-ಬೂಟು ಕೊನೆಗೆ ಎಂಬ ಕ್ರಮ ಅದರಲ್ಲೂ ಇದೆ. ಆದರೆ ಅದು ಆಡಳಿತ ಪದ್ಧತಿಯ ಸರ್ಟಿಫಿಕೇಟ್, ನಿಮ್ಮ ಮೂರನೇ ನಂಬರ್ ಪ್ರೆಸ್ಸಿನ ಬ್ರೇಕ್ ಸರಿಯಿದೆ ಎಂಬ ಸರ್ಟಿಫಿಕೇಟ್ ಅಲ್ಲ. 2012ರ ಸೆಪ್ಟೆಂಬರಿನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಬಟ್ಟೆ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. ಅದಕ್ಕೆ ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಕಾರ್ಮಿಕರ ಸ್ಥಿತಿಗತಿ ನೋಡಿ ಕೊಡುವ ಎಸ್ಎ 8000 ಸರ್ಟಿಫಿಕೇಟ್ ಸಿಕ್ಕಿತ್ತು.

ಕಾನೂನಿನ ಕಡೆ: 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕರೆಂಟ್ ಬಳಸುವ ಕಡೆ 10 ಜನರಿದ್ದರೆ ಕಾರ್ಖಾನೆ ಎಂಬ ಹಳೇ ಮಿತಿ 20ಕ್ಕೆ ಏರಿದೆ. ನೀವು 22, ಹಾಗಾಗಿ ಒಳಗೇ ಇದ್ದೀರಿ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಿ. ಇಎಸ್ಐ (ಸರ್ಕಾರದ ಕಾರ್ಮಿಕ ವಿಮೆ) ನೋಂದಣಿಯನ್ನು ಕೆಲಸಕ್ಕೆ ಸೇರಿದ ದಿನವೇ ಮಾಡಿಸಿ. ಬೆರಳು ಹೋದ ಮಧ್ಯಾಹ್ನ ಓಡಿಹೋಗಿ ಹೆಸರು ಸೇರಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಚಾಳಿ, ಆಡಿಟರ್ ಅಪಘಾತದ ದಿನ ಮತ್ತು ನೋಂದಣಿಯ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ತಿಂಗಳ ಸಂಬಳ 21,000 ರೂಪಾಯಿ ದಾಟಿ ಇಎಸ್ಐ ಹೊರಗಿರುವ, ಡೈ ಕೂರಿಸುವ ಸೆಟ್ಟರ್‌ಗಳಿಗೆ ಪರಿಹಾರದ ಇನ್ಶೂರೆನ್ಸ್ ಪಾಲಿಸಿ ಬೇಕು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ 30, ತೋರುಬೆರಳು ಪೂರ್ತಿ ಹೋದರೆ ಶೇ 14 ನಷ್ಟ ಎಂದು ಕಾನೂನಿನ ಪಟ್ಟಿ ಹೇಳುತ್ತದೆ. ಪ್ರೆಸ್ ಆಪರೇಟರಿಗೆ ಆ ಕೈಯಲ್ಲಿ ಮತ್ತೆ ಅದೇ ಕೆಲಸ ಯಾರು ಕೊಡುತ್ತಾರೆ ಎಂಬುದು ಪಟ್ಟಿಯಲ್ಲಿಲ್ಲ.

ಆಡಿಟ್ ದಿನ ಫೈಲು ತೋರಿಸುವ ಉತ್ಸಾಹದಲ್ಲಿ ಒಂದು ಮರೆಯಬೇಡಿ. ನಾವು ಮಾತಾಡಿಸುವುದು ಮಷೀನಿನ ಮುಂದಿರುವವನನ್ನು. ರಾಯಚೂರಿನ ಹುಡುಗ, ಒಡಿಶಾದ ಹುಡುಗ, ಬೋರ್ಡು ಮಾತ್ರ ಇಂಗ್ಲಿಷಿನಲ್ಲಿ. ಡಬಲ್ ಸ್ಟ್ರೋಕ್ ಬಂದರೆ ಏನು ಮಾಡುತ್ತೀಯ ಎಂದು ಕೇಳಿದಾಗ ‘ನಿಲ್ಲಿಸ್ತೀನಿ, ಮಾಲೀಕರು ಬೈಯಲ್ಲ’ ಎಂದು ಅವನು ಹೇಳಿದರೆ ನಾನು ಎಂಬತ್ತರಲ್ಲಿ ಹತ್ತು ಅಂಶ ಕಣ್ಣು ಮುಚ್ಚಿ ಬಿಡುತ್ತೇನೆ (ನಮ್ಮ ಮ್ಯಾನೇಜರ್ ಇದನ್ನು ಓದದಿರಲಿ). ನಿಮ್ಮ ಆರರಲ್ಲಿ ಎಷ್ಟಕ್ಕೆ ಕೀ ಕ್ಲಚ್, ಯಾವ ಕೆಲಸದಲ್ಲಿ ಕೈ ಒಳಹೋಗುತ್ತದೆ ಎಂದು ಕೆಳಗೆ ಬರೆಯಿರಿ, ಒಂದೊಂದಕ್ಕೂ ಗಾರ್ಡ್ ಹೇಗೆ ಕೂರಿಸಬಹುದು ಎಂದು ಹೇಳುತ್ತೇನೆ.