ಬಾಡಿಗೆಗೆ ಕೊಡಲಾಗದ ಬಾಡಿಗೆ ಮನೆ

ನಾನು ಆಪ್ತ ಸಮಾಲೋಚಕಿ, ಇದು ನನ್ನ ಹತ್ತಿರ ಬಂದ ಒಬ್ಬರ ಕಥೆ. ಗುರುತು ಸಿಗಬಾರದು ಅಂತ ಇಲ್ಲಿ ಕೆಲವು ವಿವರ, ಲೆಕ್ಕ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಜುಲೈ ಕೊನೆ. ಶಿವಮೊಗ್ಗದಲ್ಲಿ ಮಳೆ ಹಿಡಿದು ಕೂತಿತ್ತು. ನಲವತ್ತು ದಾಟಿದ ಒಬ್ಬ ಟೀಚರ್ ಬಂದರು. ನಿದ್ದೆ ಬರುತ್ತಿಲ್ಲ ಅಂದರು. ರಾತ್ರಿ ಎರಡಕ್ಕೆ ಎಚ್ಚರ ಆಗುತ್ತೆ, ಮಳೆ ಶಬ್ದ ಕೇಳಿದರೆ ಎದೆ ಡವಡವ ಅನ್ನುತ್ತೆ, ಎರಡು ಸಲ ಅದೇ ಹೊತ್ತಲ್ಲಿ ಸ್ಕೂಟಿ ತೆಗೆದುಕೊಂಡು ಹೋಗಿ, ಹೊಸದಾಗಿ ಕೊಂಡ ಮನೆಯ ಬೀಗ ತೆಗೆದು, ಟಾರ್ಚ್ ಹಿಡಿದು ಎಲ್ಲಿ ಸೋರುತ್ತಿದೆ ಅಂತ ನೋಡಿ ಬಂದಿದ್ದರು. ಆ ಮನೆಯಲ್ಲಿ ಯಾರೂ ವಾಸ ಇರಲಿಲ್ಲ.

ಊರಿನ ಹಳೇ ಭಾಗದ ಹೆಂಚಿನ ಮನೆ ಅದು. ಬಾಡಿಗೆಗೆ ಕೊಡಲು ಅಂತಲೇ ಕೊಂಡದ್ದು, ಅವರ ಹೆಸರಿನ ಮೊದಲ ಆಸ್ತಿ. ಕೊಳ್ಳುವಾಗ ಕಾಗದದ ಕೆಲಸ ಎಲ್ಲ ಸರಿಯಾಗೇ ಮಾಡಿದ್ದರು. ವಕೀಲರಿಗೆ ಕಾಗದ ತೋರಿಸಿ, ಆಸ್ತಿ ಮೇಲೆ ಸಾಲ ಇದೆಯೇ ಅಂತ ತಿಳಿಸುವ ಋಣಭಾರ ಪತ್ರ ತೆಗೆಸಿ, ಖಾತೆ ಬದಲಿಸಿಕೊಂಡಿದ್ದರು. ಎಡವಿದ್ದು ರಿಪೇರಿಯಲ್ಲಿ. ಏಪ್ರಿಲ್‌ನಲ್ಲಿ ಹೆಂಚು ಇಳಿಸಿದಾಗ ಅದನ್ನು ಹೊರುವ ಮರದ ಪಟ್ಟಿಗಳು, ಪಕಾಸು, ರೀಪು, ಅರ್ಧಕ್ಕರ್ಧ ಗೆದ್ದಲು ಹಿಡಿದದ್ದು ಗೊತ್ತಾಯಿತು. ಮಲೆನಾಡಿನಲ್ಲಿ ಹಳೇ ಮನೆ ಕೊಳ್ಳುವವರಿಗೆ ಇದೊಂದನ್ನು ಹೇಳಲೇಬೇಕು: ಮುಂಗಡ ಕೊಡುವ ಮೊದಲೇ ಒಬ್ಬ ಬಡಗಿಯನ್ನು ಮಾಡಿಗೆ, ಅಂದರೆ ಛಾವಣಿಗೆ, ಹತ್ತಿಸಿ ನೋಡಿಸಿ. ಗೋಡೆಗೆ ಹೊಸ ಬಣ್ಣ ಬಳಿದು ಏನನ್ನು ಬೇಕಾದರೂ ಮುಚ್ಚಬಹುದು. ಮೇ ಬಂದರೆ ಊರಿಗೆ ಊರೇ ಹೆಂಚು ಕೈಯಾಡಿಸಲು ಆಳು ಹುಡುಕುತ್ತಿರುತ್ತೆ. ಇವರ ಮೇಸ್ತ್ರಿ ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಮಾಡಿನ ಕೆಲಸ ಹೇಗೋ ಮುಗಿದರೂ ಒಂದು ಮೂಲೆ ಸೋರುತ್ತಲೇ ಇತ್ತು. ನಾಲ್ಕು ಲಕ್ಷ ಅಂದುಕೊಂಡಿದ್ದು ಒಂಬತ್ತು ದಾಟಿತು. ಅದರಲ್ಲಿ ಮೂರು ಲಕ್ಷ ಬಳೆ ಅಡವಿಟ್ಟು ತಂದದ್ದು. "ನಮ್ಮನೆಯವರಿಗೆ ಹೇಳಿಲ್ಲ ಮೇಡಂ."

ಮೊದಲ ಎರಡು ಭೇಟಿಯಲ್ಲಿ ನಾನೂ ಈ ಗುಟ್ಟಿನ ಹಿಂದೆಯೇ ಹೋದೆ. ಅದು ಸುಳ್ಳಲ್ಲ, ಆದರೆ ಬೇರು ಅಲ್ಲಿರಲಿಲ್ಲ. ಮೂರನೇ ಸಲ ಖರ್ಚಿನ ಪುಸ್ತಕ ತನ್ನಿ ಅಂದೆ. ಒಂದು ಸಾಲಿನಲ್ಲಿ ಕಣ್ಣು ನಿಂತಿತು. ರೆಡ್ ಆಕ್ಸೈಡ್ ನೆಲ, 1,80,000.

"ಟೈಲ್ಸ್ ಹಾಕಿಸಿದ್ದರೆ?"

"ಅರ್ಧಕ್ಕೂ ಕಮ್ಮಿ ಆಗ್ತಿತ್ತು."

"ಇದಕ್ಕೆ ಬಾಡಿಗೆ ಜಾಸ್ತಿ ಸಿಗುತ್ತಾ?"

"ಎಲ್ಲಿ ಮೇಡಂ. ಬಂದವರೆಲ್ಲ ಟೈಲ್ಸ್ ಯಾಕಿಲ್ಲ ಅಂತಾನೇ ಕೇಳ್ತಾರೆ."

ಆರು ಸಂಸಾರ ಬಂದು ನೋಡಿದ್ದವು. ಆರನ್ನೂ ಇವರೇ ಬೇಡ ಅಂದಿದ್ದರು. ಒಬ್ಬರಿಗೆ ಸಣ್ಣ ಮಗು ಇದೆ, ಇನ್ನೊಬ್ಬರು ಗ್ರೈಂಡರ್ ಎಳೆದಾಡುತ್ತಾರೆ, ಮತ್ತೊಬ್ಬರು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದರು.

ಅಂಥ ಕೆಂಪು ನೆಲ ಎಲ್ಲಿ ನೋಡಿದ್ದಿರಿ ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ತೀರ್ಥಹಳ್ಳಿ ಕಡೆಯ ತವರುಮನೆ, ಅದರ ಜಗಲಿ, ಹಬ್ಬದ ಹಿಂದಿನ ದಿನ ಕೊಬ್ಬರಿ ಎಣ್ಣೆ ಹಚ್ಚಿ ನೆಲ ಉಜ್ಜುತ್ತಿದ್ದ ಹುಡುಗಿ. ಅಪ್ಪ ತೀರಿಕೊಂಡ ಮೇಲೆ ಇವರು ಪಾಲು ಕೇಳಿದರು. ಅಣ್ಣ ಕೋರ್ಟಿಗೆ ಎಳೆಯದೆ ದುಡ್ಡಿನ ರೂಪದಲ್ಲಿ ಕೊಟ್ಟರು. ಆ ದುಡ್ಡಲ್ಲೇ ಈ ಮನೆ ಕೊಂಡದ್ದು. ಆದರೆ ತಿಥಿಯ ದಿನ ನೆಂಟರೊಬ್ಬರು ಎಲ್ಲರೆದುರು, "ಕೊಟ್ಟ ಹೆಣ್ಣಿಗೆ ಪಾಲು ಎಂಥದು ಮಾರಾಯ್ತಿ?" ಅಂದುಬಿಟ್ಟರು. ಅಷ್ಟರಲ್ಲಿ ಅಣ್ಣನ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂತು. ಅದನ್ನೂ ಅತ್ತಿಗೆ ಇವರ ಪಾಲಿನ ಲೆಕ್ಕಕ್ಕೇ ಸೇರಿಸಿದರು. ಎರಡು ವರ್ಷದಿಂದ ತವರಿಗೆ ಹೋಗಿಲ್ಲ.

2005ರ ತಿದ್ದುಪಡಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಆಡುವ ಬಾಯಿ ಮುಚ್ಚಿಸಲು ಅದರಿಂದ ಆಗಲಿಲ್ಲ. ಹಕ್ಕು ಪಡೆದು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಕೂರುವ ಹೆಣ್ಣುಮಕ್ಕಳನ್ನು ಕಂಡಾಗ ನನಗೆ ಸಂಕಟ ಆಗುತ್ತೆ. ಟೀಚರ್ ರಿಪೇರಿ ಮಾಡಿಸುತ್ತಿದ್ದದ್ದು ಬಾಡಿಗೆ ಮನೆಯನ್ನಲ್ಲ. ತಿಥಿಯ ದಿನ ಬಾಯಿಗೆ ಬರದ ಉತ್ತರವನ್ನು ಕಟ್ಟಿಸುತ್ತಿದ್ದರು. ಅದರಲ್ಲಿ ಒಂದು ಹನಿ ಸೋರಿದರೂ "ಪಾಲಿನ ದುಡ್ಡು ಹಾಳು ಮಾಡಿದಳು" ಅನ್ನುವ ಮಾತು ಕಿವಿಗೆ ಬೀಳುತ್ತಿತ್ತು. ಇದನ್ನು ಹೇಳಿದಾಗ ಅವರು ಅತ್ತರು. ಅಪ್ಪ ಹೋದಾಗಲೂ ಹೀಗೆ ಅತ್ತಿರಲಿಲ್ಲವಂತೆ.

ಆಮೇಲೆ ಕೊಟ್ಟ ಸಲಹೆ ಇದು. ರಾತ್ರಿ ಮನೆ ನೋಡಲು ಹೋಗುವುದು ಇವತ್ತಿಗೇ ನಿಲ್ಲಬೇಕು, ಸೋರುವ ಮೂಲೆಗೆ ತಾಡಪಾಲು ಹೊದಿಸಿ ಕೆಳಗೊಂದು ಬಕೆಟ್ ಇಟ್ಟರೆ ಬೆಳಗಿನ ತನಕ ಮನೆ ಎಲ್ಲೂ ಹೋಗಲ್ಲ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ನೋಡಬೇಕು. ನಡುರಾತ್ರಿ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬಳೆಯ ವಿಷಯ ಗಂಡನಿಗೆ ಹೇಳುವುದನ್ನು ನನ್ನೆದುರೇ ಅಭ್ಯಾಸ ಮಾಡಿಸಿದೆ. ಕಾರಣ, ಕಣ್ಣೀರು ಎಲ್ಲ ಆಮೇಲೆ, ಮೊದಲು ಒಂದೇ ವಾಕ್ಯ: "ಬಳೆ ಅಡವಿಟ್ಟು ಮೂರು ಲಕ್ಷ ತಂದಿದ್ದೇನೆ, ನಿಮಗೆ ಹೇಳದೆ ತಪ್ಪು ಮಾಡಿದೆ."

ಖರ್ಚಿನ ಪುಸ್ತಕದಲ್ಲಿ ಇನ್ನು ಮೇಲೆ ಎರಡು ಪಟ್ಟಿ ಇರಲಿ ಅಂದೆ. ಮಳೆ, ಕರೆಂಟು, ನೀರು, ಕಕ್ಕಸು ಒಂದು ಕಡೆ. ನನ್ನ ಮನಸ್ಸಿಗಾಗಿ ಅನ್ನುವುದು ಇನ್ನೊಂದು ಕಡೆ. ಎರಡನೆಯದಕ್ಕೆ ಸಾಲದ ದುಡ್ಡು ಬೇಡ. ಖಾಲಿ ಮನೆಯ ಲೆಕ್ಕವನ್ನೂ ಬರೆಸಿದೆ. ತಿಂಗಳಿಗೆ 12,000 ಬರಬೇಕಾದ ಮನೆ ಮೂರು ತಿಂಗಳು ಬೀಗ ಹಾಕಿದ್ದರೆ 36,000, ಅದರ ಮೇಲೆ ಬಳೆಯ ಬಡ್ಡಿ.

ಕರಾರು ಪತ್ರ ವಕೀಲರಿಂದಲೇ ಬರೆಸಲು ಹೇಳಿದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ. ಕೀಲಿ ಕೊಡುವ ದಿನ ಮೀಟರ್ ರೀಡಿಂಗ್, ನೆಲ, ಗೋಡೆ ಎಲ್ಲದರ ಫೋಟೋ ಇಬ್ಬರ ಫೋನಲ್ಲೂ ಇರಲಿ. ಕೊಟ್ಟ ಮೇಲೆ ಹೇಳದೆ ಕೇಳದೆ ಆ ಬಾಗಿಲು ತಟ್ಟಬೇಡಿ. ಇದು ಅವರಿಗೆ ಎಲ್ಲಕ್ಕಿಂತ ಕಷ್ಟ ಆಯಿತು. "ನನ್ನ ಮನೆಗೆ ನಾನೇ ಕೇಳಿ ಹೋಗಬೇಕಾ?" ಹೌದು, ಕೇಳಿಯೇ ಹೋಗಬೇಕು. ಬಾಡಿಗೆ ಕೊಟ್ಟು ಇರುವವರಿಗೆ ಅದು ಮನೆ ಅಲ್ವಾ?

ಗಂಡ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ತಾವೇ ಹೆಂಚಿನವರನ್ನು ಕರೆತಂದು ಆ ಮೂಲೆ ಸರಿ ಮಾಡಿಸಿದರು. ಗಣಪತಿ ಹಬ್ಬ ಕಳೆದ ಮೇಲೆ ಒಬ್ಬ ನರ್ಸ್ ಸಂಸಾರ ಬಂತು, ಎರಡು ಸಣ್ಣ ಮಕ್ಕಳು. ಟೀಚರ್ ಕೀಲಿ ಕೊಟ್ಟರು.

ಮೊನ್ನೆ ಬಂದಿದ್ದರು. ಮೊದಲೇ ಫೋನ್ ಮಾಡಿ ಬಾಡಿಗೆ ಮನೆಗೆ ಹೋಗಿದ್ದರಂತೆ. ಆ ಕೆಂಪು ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಪ್ಲಾಸ್ಟಿಕ್ ಚಾಪೆ ಹಾಸಿದ್ದಾರೆ. "ನೋಡಿದ ತಕ್ಷಣ ಹೊಟ್ಟೆ ಉರಿಯಿತು ಮೇಡಂ. ಆಮೇಲೆ ಅನ್ನಿಸಿತು, ಮಕ್ಕಳಿಗೆ ಚಳಿ ಆಗುತ್ತಲ್ಲ." ನಿದ್ದೆ ಬರುತ್ತಿದೆ, ಜೋರು ಮಳೆ ಬಂದ ರಾತ್ರಿ ಬಿಟ್ಟು. ಬಳೆ ಇನ್ನೂ ಬಿಡಿಸಿಕೊಂಡಿಲ್ಲ, ಪ್ರತಿ ತಿಂಗಳು ಬಾಡಿಗೆ ಬಂದ ಮಾರನೇ ದಿನ ಗಂಡ ಹೆಂಡತಿ ಇಬ್ಬರೂ ಬ್ಯಾಂಕಿಗೆ ಹೋಗಿ ಕಟ್ಟಿ ಬರುತ್ತಾರೆ. ತವರಿನ ವಿಷಯ ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.