ನೀಲಿ ಮೆನು ಕೆಂಪಾಯಿತೇಕೆ?

ಪ್ರಶ್ನೆ: ಸರ್, ಡಾಸ್ ಕಾಲದಲ್ಲಿ ಸಿ ಭಾಷೆಯಲ್ಲಿ ಬರೆದ ಮೆನು ಲೈಬ್ರರಿಯೊಂದು ನನ್ನ ಬಳಿ ಇದೆ, ಸೋರ್ಸ್ ಸಮೇತ. ಇಷ್ಟು ದಿನ ಡಾಸ್‌ಬಾಕ್ಸ್‌ನಲ್ಲಿ, ಅಂದರೆ ಈಗಿನ ಕಂಪ್ಯೂಟರಿನಲ್ಲಿ ಡಾಸ್ ಅನುಕರಿಸುವ ತಂತ್ರಾಂಶದಲ್ಲಿ, ಓಡಿಸುತ್ತಿದ್ದೆ. ಈಗಿನ ಟರ್ಮಿನಲ್‌ನಲ್ಲೇ ಓಡಲಿ, ಬಣ್ಣಗಳೂ ಹೊಸದಾಗಿ ಕಾಣಲಿ ಅಂತ ಕೈಹಾಕಿದರೆ ನೀಲಿ ಮೆನು ಕೆಂಪಾಗಿ ಬರುತ್ತಿದೆ. ಚೌಕಟ್ಟಿನ ಗೆರೆಗಳ ಜಾಗದಲ್ಲಿ ಏನೇನೋ ಅಕ್ಷರಗಳು. ಎಲ್ಲ ಬಿಟ್ಟು ಮೊದಲಿಂದ ಬರೆಯುವುದೇ ವಾಸಿಯೇ?

ಉತ್ತರ: ಖಂಡಿತ ಬೇಡ. ಬಾಣದ ಕೀ ಒತ್ತಿದರೆ ಪಟ್ಟಿ ಸರಿಯುವುದು, ಎಸ್ಕೇಪ್ ಒತ್ತಿದರೆ ಹಿಂದಿನ ಪರದೆ ಇದ್ದ ಹಾಗೇ ಮರಳುವುದು, ಇವೆಲ್ಲ ವರ್ಷಗಟ್ಟಲೆ ಬಳಸಿ ಪಳಗಿದ ಕೋಡ್. ಅದರ ತಂಟೆಗೆ ಹೋಗಬೇಡಿ. ತೊಂದರೆ ಇರುವುದು ಪರದೆಗೆ ಬರೆಯುವ ಕಟ್ಟಕಡೆಯ ಒಂದೆರಡು ಫಂಕ್ಷನ್‌ಗಳಲ್ಲಿ.

ಹಳೆಯ ಕಲರ್ ಟೆಕ್ಸ್ಟ್ ಮೋಡ್ ಅಂದರೆ 80 ಕಾಲಂ, 25 ಸಾಲು. ಒಂದು ಅಕ್ಷರ ಕೂರುವ ಜಾಗವನ್ನು ಮನೆ ಅನ್ನೋಣ. ಪ್ರತಿ ಮನೆಗೆ ಎರಡು ಬೈಟ್: ಒಂದು ಅಕ್ಷರಕ್ಕೆ, ಒಂದು ಬಣ್ಣಕ್ಕೆ. ಬಿ800 ಸೆಗ್ಮೆಂಟ್‌ನಿಂದ, ಅಂದರೆ ಪರದೆಗೆ ಮೀಸಲಾದ ಮೆಮೊರಿ ವಿಳಾಸದಿಂದ, ಶುರುವಾಗುವ ಒಟ್ಟು 4000 ಬೈಟ್. ಬಣ್ಣದ ಬೈಟಿನಲ್ಲಿ ಕೆಳಗಿನ ನಾಲ್ಕು ಬಿಟ್ ಅಕ್ಷರದ್ದು, ಮುಂದಿನ ಮೂರು ಹಿನ್ನೆಲೆಯದು, ತುದಿಯ ಬಿಟ್ ಮಿನುಗಲಿಕ್ಕೆ. ಅಲ್ಲಿ 1 ನೀಲಿ, 4 ಕೆಂಪು. ಟರ್ಮಿನಲ್‌ಗೆ ಬಣ್ಣ ಬದಲಿಸಲು ಹೇಳುವ ಆನ್ಸಿ ಕೋಡ್‌ನಲ್ಲಿ ತಿರುವುಮುರುವು: 1 ಕೆಂಪು, 4 ನೀಲಿ. ನೀವು ಹಿನ್ನೆಲೆಯ ಸಂಖ್ಯೆಯನ್ನು ಹಾಗೇ 40ಕ್ಕೆ ಕೂಡಿಸಿ ಕಳಿಸುತ್ತಿರಬೇಕು. 41 ಅಂದರೆ ಕೆಂಪೇ. ಹಸಿರು 2 ಎರಡು ಕಡೆಯೂ ಒಂದೇ, ಆದ್ದರಿಂದ ಹಸಿರು ಪಟ್ಟಿ ಸರಿಯಾಗಿ ಬಂತಲ್ಲ ಅಂತ ಸಮಾಧಾನಪಟ್ಟುಕೊಳ್ಳಬೇಡಿ.

ಕೆಂಪು, ನೀಲಿಯ ಬಿಟ್‌ಗಳನ್ನು ಅದಲುಬದಲು ಮಾಡಿದರೂ ನಡೆಯುತ್ತದೆ. ನಾನಾದರೆ 16 ಸಾಲಿನ ಟೇಬಲ್ ಇಡುತ್ತೇನೆ, ಪ್ರತಿ ಸಾಲಿನಲ್ಲೂ ಕೆಂಪು, ಹಸಿರು, ನೀಲಿಯ ಅಳತೆ. ಬಿ800 ಬದಲು ಮೆಮೊರಿಯಲ್ಲಿ ನಿಮ್ಮದೇ 4000 ಬೈಟಿನ ಅರೇ ಮಾಡಿ, ಹಳೆಯ ಪಾಯಿಂಟರನ್ನು ಅದಕ್ಕೆ ತಿರುಗಿಸಿ. ಲೈಬ್ರರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆಮೇಲೆ ಬದಲಾದ ಮನೆಗಳನ್ನಷ್ಟೇ ಹೆಕ್ಕಿ, ಟೇಬಲ್ ನೋಡಿ, ಮೂರು ಅಳತೆಗಳನ್ನು ಅಕ್ಷರಕ್ಕೆ 38;2 ಹಿನ್ನೆಲೆಗೆ 48;2 ಆನ್ಸಿ ಕೋಡ್‌ನ ಜೊತೆ ಕಳಿಸಿ. ವಿಂಡೋಸ್ 10ರಲ್ಲಾದರೆ ಮೊದಲು ಕನ್ಸೋಲ್‌ನ ವರ್ಚುವಲ್ ಟರ್ಮಿನಲ್ ಮೋಡ್ ಆನ್ ಮಾಡಬೇಕು.

ಟೇಬಲ್ ತುಂಬುವಾಗ 6 ಸಂಖ್ಯೆಯ ಬಣ್ಣದ ಹತ್ತಿರ ಸ್ವಲ್ಪ ನಿಲ್ಲಿ. ಲೆಕ್ಕದ ಪ್ರಕಾರ ಅದು ಮಂಕು ಹಳದಿ, 170, 170, 0. ಐಬಿಎಂ ಕಲರ್ ಮಾನಿಟರ್ ಅದೊಂದಕ್ಕೆ ಮಾತ್ರ ಹಸಿರನ್ನು ಅರ್ಧಕ್ಕಿಳಿಸಿ ಕಂದು ಮಾಡುತ್ತಿತ್ತು. ಹಳೆಯ ಕಂದೇ ಬೇಕಿದ್ದರೆ 170, 85, 0 ಬರೆಯಿರಿ. ನನಗಂತೂ ಆ ಕಂದು ಇಷ್ಟ.

ತುದಿಯ ಬಿಟ್ಟನ್ನೂ ಸೋರ್ಸ್‌ನಲ್ಲಿ ಹುಡುಕಿ ನೋಡಿ. ಪರದೆಯ ಸೇವೆಗಳಿಗಿರುವ 10ಎಚ್ ಇಂಟರಪ್ಟನ್ನು 1003 (ಹೆಕ್ಸ್) ಅಂತ ಕರೆದು ಮಿನುಗುವುದನ್ನು ನಿಲ್ಲಿಸಿದ್ದರೆ ಆ ಬಿಟ್ಟಿನ ಅರ್ಥ ಬೇರೆ, ಹಿನ್ನೆಲೆಯ ಬಣ್ಣ ಹೆಚ್ಚು ಪ್ರಕಾಶವಾಗಲಿ ಅಂತ.

ಗೆರೆಗಳದು ಕೋಡ್ ಪೇಜ್ 437ರ, ಅಂದರೆ ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನುವ ಡಾಸ್ ಪಟ್ಟಿಯ ಸಮಸ್ಯೆ. ಅಲ್ಲಿ 201 ಅಂದರೆ ಜೋಡಿಗೆರೆಯ ಮೂಲೆ ╔, 205 ಅಂದರೆ ═. ಇದಕ್ಕೂ 256 ಸಾಲಿನ ಟೇಬಲ್ ಸಾಕು. ಆದರೆ ಈಗಿನ ಟರ್ಮಿನಲ್‌ಗಳು ಬಳಸುವ ಯುಟಿಎಫ್-8 ಸಂಕೇತದಲ್ಲಿ ಈ ಗೆರೆಗಳಿಗೆ ತಲಾ ಮೂರು ಬೈಟ್. ಪರಿವರ್ತನೆಯಾದ ಮೇಲೆ ಬೈಟ್ ಎಣಿಸಿ ಅಗಲ ಲೆಕ್ಕ ಹಾಕಿದಿರೋ, ಬಾಕ್ಸ್ ಸೊಟ್ಟಗಾಯಿತೆಂದೇ ಲೆಕ್ಕ. ಅಳತೆಯೆಲ್ಲ ಅರೇಯಲ್ಲೇ ಮುಗಿಯಲಿ.

ಇನ್ನು ಹೊಸ ಬಣ್ಣ. 1.6 ಕೋಟಿ ಬಣ್ಣ ಸಿಗುತ್ತದೆ ಅಂತ ಮೆನುವಿಗೆ ಕಾಮನಬಿಲ್ಲು ಬಳಿಯಬೇಡಿ. ಬದಲಾಗಬೇಕಾದ್ದು ಆಯ್ಕೆಗೆ ಸಿಗದ ಐಟಂಗಳ ಬಣ್ಣ: ನೀಲಿಯ ಮೇಲೆ ಕಡುಬೂದು, ಓದಲು ಕಣ್ಣು ಕಿರಿದು ಮಾಡಬೇಕು. ಸಾಮಾನ್ಯ ಪಠ್ಯಕ್ಕೆ ಹೇಳುವ 4.5:1 ಕಾಂಟ್ರಾಸ್ಟ್‌ನ ಹತ್ತಿರಕ್ಕೂ ಅದು ಬರುವುದಿಲ್ಲ. ತಿಳಿಬೂದಿಗೆ ಬದಲಿಸಿ. ಮೆನುವಿನ ನೆರಳನ್ನೂ ಸುಧಾರಿಸಬಹುದು. ಹಿಂದೆ ನೆರಳು ಬಿದ್ದ ಮನೆಗಳ ಬಣ್ಣದ ಬೈಟಿಗೆಲ್ಲ 08 ತುಂಬಿ ಹಿನ್ನೆಲೆ ಕಪ್ಪು ಮಾಡುತ್ತಿದ್ದರು. ಈಗ ಆ ಮನೆಯ ಮೂರೂ ಅಳತೆಗಳನ್ನು ಅರ್ಧ ಮಾಡಿದರೆ ಕೆಳಗಿನ ಬಣ್ಣ ಮಬ್ಬಾಗಿ ಕಾಣುತ್ತದೆ, ನಿಜವಾದ ನೆರಳಿನಂತೆಯೇ. ಅದಕ್ಕೆ ಪ್ರತಿ ಮನೆಗೂ ಒಂದು ಹೆಚ್ಚುವರಿ ಗುರುತು ಬೇಕು. ಪಕ್ಕದಲ್ಲಿ 2000 ಬೈಟಿನ ಇನ್ನೊಂದು ಅರೇ ಇಟ್ಟುಕೊಳ್ಳಿ.

ಪ್ರೋಗ್ರಾಂನಿಂದ ಹೊರಬರುವಾಗ ಬಣ್ಣ ರೀಸೆಟ್ ಮಾಡುವ ಕೋಡ್ ಕಳಿಸಿ, ಕರ್ಸರ್ ಬಚ್ಚಿಟ್ಟಿದ್ದರೆ ವಾಪಸ್ ತೋರಿಸಿ. ಕಂಟ್ರೋಲ್-ಸಿ ಒತ್ತಿ ಹೊರಟವರಿಗೂ ಇದು ಅನ್ವಯವಾಗಬೇಕು.